ಕಡೆಗೀಲು ನೋಡದೆ ಬಂಡಿ ಹೂಡಬ್ಯಾಡ್ರಿ

ಹೋದ ವರ್ಷ ನಾನು ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರ್‌ಗೂ ಹೆಚ್ಚು ಬೈಕ್ ಓಡಿಸಿಕೊಂಡು ತಮಿಳುನಾಡಿನ ಒಂದು ಸರ್ಕಿಟ್‌ಗೆ ಟ್ರ್ಯಾಕ್ ಡೇಗೆ ಅಂತ ಹೋಗಿದ್ದೆ. ಒಂದೇ ಒಂದು ಲ್ಯಾಪ್ ಹೊಡೆಯದೆ ವಾಪಸ್ ಬಂದೆ. ಹಾಸ್ಟೆಲ್‌ನಲ್ಲಿ "ಹ್ಯಾಂಗಿತ್ತಲೇ?" ಅಂತ ಕೇಳಿದವರಿಗೆಲ್ಲ "ಮಸ್ತ್ ಇತ್ತು" ಅಂದು ಜಾರಿಕೊಂಡೆ. ಈಗ ನಮ್ಮ ಆಟೊಮೊಬೈಲ್ ಕ್ಲಬ್‌ನವರು ಮುಂದಿನ ಸೆಮಿಸ್ಟರ್‌ಗೆ ಟ್ರ್ಯಾಕ್ ಡೇ ಟ್ರಿಪ್ ಹಾಕಿದ್ದಾರೆ. ಇಪ್ಪತ್ತಕ್ಕೂ ಹೆಚ್ಚು ಹೆಸರು ಬಂದಿವೆ, ಅದರಾಗ ಅರ್ಧ ಜನ ಫಸ್ಟ್ ಇಯರ್, ಸೆಕೆಂಡ್ ಇಯರ್‌ನವರು. ಅದಕ್ಕೇ ಇವತ್ತು ನಿಜ ಹೇಳ್ತೀನಿ. ನಗೋರು ನಗ್ರಿ, ಆದರೆ ಪೂರ್ತಿ ಓದಿ ನಗ್ರಿ.

ಬೆಳಿಗ್ಗೆ ಆರೂವರೆಗೆ ಗಾಡಿಗಳ ತಪಾಸಣೆ ಇತ್ತು. ಅದಕ್ಕೆ ಸ್ಕ್ರೂಟಿನಿ ಅಂತಾರೆ. ವಯಸ್ಸಾದ ಒಬ್ಬರು ನನ್ನ ಬೈಕ್ ಮುಂದೆ ಮೊಣಕಾಲೂರಿ ಕುಂತು ಮುಂದಿನ ಬ್ರೇಕ್ ಕ್ಯಾಲಿಪರ್‌ಗೆ ಟಾರ್ಚ್ ಬಿಟ್ಟರು. ಒಂದು ಬದಿ ಪ್ಯಾಡ್ ಸವೆದು ಲೋಹದ ತನಕ ಬಂದಿತ್ತು. ಬ್ರೇಕ್ ಆಯಿಲ್ ಡಬ್ಬಿ ನೋಡಿದರು, ಬೆಲ್ಲದ ಚಹಾದ ಬಣ್ಣ. ಎದ್ದು ನಿಂತು "ನೋ" ಅಂದರು. ನಾನು ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಬೇಡಿಕೊಂಡೆ. ಬೆಂಗಳೂರಿನಿಂದ ಇದರ ಮೇಲೇ ಬಂದೀನಿ, ಬ್ರೇಕ್ ಚಲೋ ಹಿಡೀತದ, ಒಂದೇ ಸೆಷನ್ ಬಿಡ್ರಿ, ಅಡ್ಜಸ್ಟ್ ಮಾಡ್ರಿ. ಅವರು ನನ್ನ ಹೆಗಲು ತಟ್ಟಿ ಮುಂದಿನ ಗಾಡಿಗೆ ಹೋದರು. ಕಟ್ಟಿದ ಫೀ ಹೋಯ್ತು. ಅವತ್ತು ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆ ಸಿಟ್ಟು ಇಳಿಯೋಕೆ ನಾವು ಥರ್ಡ್ ಸೆಮ್‌ನಲ್ಲೇ ಓದಿದ ಲೆಕ್ಕ ಸಾಕಾಗಿತ್ತು. ಬೈಕು, ಸವಾರ ಸೇರಿ 250 ಕಿಲೋ ಅಂತಿಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದರ ಚಲನ ಶಕ್ತಿ ಸುಮಾರು 35 ಕಿಲೋಜೂಲ್, 120ರಲ್ಲಿ ಸುಮಾರು 139. ವೇಗ ಎರಡು ಪಟ್ಟು, ಬ್ರೇಕ್ ನುಂಗಬೇಕಾದ ಶಾಖ ನಾಲ್ಕು ಪಟ್ಟು. ರೋಡಿನಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಿಡಿದರೆ ಆಮೇಲೆ ತಣ್ಣಗಾಗಲು ಟೈಮ್ ಸಿಗ್ತದೆ. ಟ್ರ್ಯಾಕ್‌ನಲ್ಲಿ ಇಪ್ಪತ್ತು ನಿಮಿಷ ತಿರುವಿನ ಮೇಲೆ ತಿರುವು, ಬಿಡುವೇ ಇಲ್ಲ. ಹೊಸ ಡಾಟ್ 4 ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನೋದು ಮಾನದಂಡ. ಅದೇ ಆಯಿಲ್ ಗಾಳಿಯ ತೇವ ಹೀರಿಕೊಂಡಮೇಲೆ ಆ ಮಿತಿ 155ಕ್ಕೆ ಇಳೀತದೆ. ಆಯಿಲ್ ಕುದ್ದರೆ ಒಳಗೆ ಆವಿ ಗುಳ್ಳೆ. ದ್ರವ ಒತ್ತಿದರೆ ಕುಗ್ಗೋದಿಲ್ಲ, ಆವಿ ಕುಗ್ತದೆ. ಲಿವರ್ ಹಿಡಿದರೆ ಸೀದಾ ಹ್ಯಾಂಡಲ್‌ಗೆ ಬಂದು ತಾಗ್ತದೆ, ಗಾಡಿ ನಿಲ್ಲೋದಿಲ್ಲ. ಬೆಂಗಳೂರಿನಿಂದ ಚಲೋ ಹಿಡಿದ ಬ್ರೇಕು ಮೂರನೇ ಲ್ಯಾಪ್‌ನಲ್ಲಿ ಕೈ ಕೊಡೋದು ಹಿಂಗೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಹತ್ತಕ್ಕೆ ಒಂಬತ್ತು ಬಂದಿತ್ತು ಅನ್ನೋದೇ ದೊಡ್ಡ ನಾಚಿಕೆ.

ಆದರೆ ಅವತ್ತು ನಾನು ಕಲಿತ ದೊಡ್ಡ ಪಾಠ ಬ್ರೇಕಿನದಲ್ಲ. ಮಧ್ಯಾಹ್ನ ಪಿಟ್ ಗೋಡೆಗೆ ಆತು ನೋಡ್ತಾ ಇದ್ದಾಗ ಯಾರದೋ ಬೈಕಿನಿಂದ ಆಯಿಲ್ ಸೋರಿ ತಿರುವಿನ ಮೇಲೆ ಗೆರೆ ಎಳೆದಂಗೆ ಬಿತ್ತು. ಸೋರಿದ ಬೈಕಿನವನಿಗೆ ಗೊತ್ತೂ ಆಗಲಿಲ್ಲ. ಬಿದ್ದವನು ಹಿಂದೆ ಬರ್ತಿದ್ದ ಬೇರೊಬ್ಬ ಹುಡುಗ. ಮೈ ತುಂಬ ಲೆದರ್ ಸೂಟ್ ಇತ್ತು, ಎದ್ದು ನಡೆದ. ರೆಡ್ ಫ್ಲ್ಯಾಗ್ ಹಾರಿತು, ಸೆಷನ್ ನಿಂತಿತು. ಅಲ್ಲೇ ನನಗೆ ಹೊಳೆದಿದ್ದು, ಈ ನಿಯಮಗಳು ಬರೀ ನನ್ನ ಜೀವಕ್ಕಲ್ಲ, ನನ್ನ ಹಿಂದೆ ಬರೋನ ಜೀವಕ್ಕೆ. "ನನ್ನ ಗಾಡಿ, ನನ್ನ ರಿಸ್ಕು" ಅನ್ನೋ ಮಾತು ಟ್ರ್ಯಾಕ್‌ನಲ್ಲಿ ನಡೆಯೋದಿಲ್ಲ.

ಇದನ್ನು ತಲೆಯಲ್ಲಿಟ್ಟು ನಿಯಮಗಳನ್ನು ಓದಿದರೆ ಒಂದೊಂದಕ್ಕೂ ಅರ್ಥ ಸಿಗ್ತದೆ. ರೇಡಿಯೇಟರ್‌ನ ಕೂಲಂಟ್ ತೆಗೆದು ನೀರು ತುಂಬಿ ಅಂತ ಎಷ್ಟೋ ಕಡೆ ಕೇಳ್ತಾರೆ. ಯಾಕಂದ್ರೆ ಕೂಲಂಟ್‌ನಲ್ಲಿರೋ ಗ್ಲೈಕಾಲ್ ನೀರಿನಂಗೆ ಬೇಗ ಆರೋದಿಲ್ಲ, ಡಾಂಬರಿನ ಮೇಲೆ ಜಾರ್ತದೆ. (ವಾಪಸ್ ಬಂದಮೇಲೆ ಮರೆಯದೆ ಕೂಲಂಟ್ ಹಾಕ್ರಿ, ಇಲ್ಲಾಂದ್ರೆ ಒಳಗೆ ತುಕ್ಕು.) ಕನ್ನಡಿ ಬಿಚ್ಚೋದು, ಹೆಡ್‌ಲೈಟ್, ಇಂಡಿಕೇಟರ್‌ಗೆ ಟೇಪ್ ಹಚ್ಚೋದು ಗಾಜು ಚೂರಾಗಿ ಟ್ರ್ಯಾಕ್ ಮೇಲೆ ಬೀಳಬಾರದು ಅಂತ. ಆಯಿಲ್ ಡ್ರೈನ್ ಬೋಲ್ಟ್ ಬಿಗಿ ನೋಡೋದು, ಬೇಕಾದಲ್ಲಿ ತಂತಿ ಕಟ್ಟೋದು ನಾನು ಕಣ್ಣಾರೆ ಕಂಡ ಆ ಗೆರೆ ಬೀಳಬಾರದು ಅಂತ. ಥ್ರಾಟಲ್ ಬಿಟ್ಟ ಕೂಡಲೇ ತಾನಾಗಿ ಹಿಂದಕ್ಕೆ ಹೊಡೀಬೇಕು. ಚೈನ್ ಸಡಿಲ ಇರಬಾರದು. ಟೈರ್ ಎಷ್ಟು ಹಳೇದು ಅಂತ ಅದರ ಬದಿಯ ಕೊನೆಯ ನಾಲ್ಕು ಅಂಕಿ ಹೇಳ್ತಾವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಕಾರು ತರೋರು ಸೀಟಿನ ಕೆಳಗಿನ ನೀರಿನ ಬಾಟಲಿ ಮೊದಲು ತೆಗೀರಿ. ಅದು ಉರುಳಿ ಬ್ರೇಕ್ ಪೆಡಲ್ ಹಿಂದೆ ಸಿಕ್ಕರೆ ಮುಗೀತು.

ಬಾವುಟಗಳೂ ಅಷ್ಟೇ. ಹಳದಿ ಅಂದ್ರೆ ಮುಂದೆ ಅಪಾಯ, ವೇಗ ಇಳಿಸಿ, ಓವರ್‌ಟೇಕ್ ಬೇಡ. ಹಳದಿ ಮೇಲೆ ಕೆಂಪು ಪಟ್ಟಿ ಅಂದ್ರೆ ಟ್ರ್ಯಾಕ್ ಜಾರ್ತಿದೆ. ನೀಲಿ ಅಂದ್ರೆ ಹಿಂದೆ ವೇಗದವನು ಬರ್ತಿದ್ದಾನೆ. ಆಗ ಗಾಬರಿಯಾಗಿ ದಾರಿ ಬಿಡಲು ಹೋಗಿ ಅಡ್ಡ ಬರಬೇಡಿ, ನಿಮ್ಮ ಲೈನ್‌ನಲ್ಲೇ ಇರಿ, ದಾಟೋದು ಅವನ ಜವಾಬ್ದಾರಿ. ಕಪ್ಪಿನಲ್ಲಿ ಕಿತ್ತಳೆ ಚುಕ್ಕೆ, ಜೊತೆಗೆ ನಿಮ್ಮ ನಂಬರ್ ಅಂದ್ರೆ ನಿಮ್ಮ ಗಾಡಿಯಲ್ಲೇ ಏನೋ ಕೆಟ್ಟಿದೆ. ಕೆಂಪು ಅಂದ್ರೆ ಸೆಷನ್ ನಿಂತಿದೆ. ಗಕ್ಕನೆ ಬ್ರೇಕ್ ಹಾಕದೆ, ಕೈ ಎತ್ತಿ ಹಿಂದಿನವರಿಗೆ ತೋರಿಸಿ ನಿಧಾನಕ್ಕೆ ಪಿಟ್‌ಗೆ ಬನ್ನಿ. ಬೆಳಗಿನ ಬ್ರೀಫಿಂಗ್‌ನಲ್ಲಿ ಇದನ್ನೆಲ್ಲ ಹೇಳುವಾಗ ನಮ್ಮ ಹುಡುಗರು ಸೆಲ್ಫಿ ತೆಗೀತಿರ್ತಾರೆ. ನಾನೂ ತೆಗೆದಿದ್ದೆ.

ಇನ್ನು ಎರಡು ಕಾಗದದ ವಿಷಯ. ಒಂದು, ನೀವು ಸಹಿ ಹಾಕೋ ಇಂಡೆಮ್ನಿಟಿ ಫಾರ್ಮ್. ಏನಾದರೂ ಆದರೆ ಜವಾಬ್ದಾರಿ ನಿಮ್ಮದೇ ಅಂತ ನೀವೇ ಬರೆದುಕೊಡೋ ಕಾಗದ ಅದು. ಎರಡು, ನಿಮ್ಮ ಗಾಡಿಯ ಇನ್ಶೂರೆನ್ಸ್. ನಮ್ಮ ಮಾಮೂಲಿ ಪಾಲಿಸಿಗಳಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಇವೆಲ್ಲ ಹೊರಗೆ ಅಂತ ಬರೆದೇ ಇರ್ತದೆ. ಟ್ರ್ಯಾಕ್‌ನಲ್ಲಿ ಗಾಡಿ ಬಿದ್ದರೆ ಕ್ಲೇಮ್ ಸಿಗ್ತದೆ ಅಂತ ನಂಬಿಕೊಂಡು ಹೋಗಬೇಡಿ. ಅಪ್ಪ ಸಾಲ ಮಾಡಿ ಕೊಡಿಸಿದ ಬೈಕ್ ತರೋರು ಇದನ್ನು ಎರಡು ಸಲ ಓದ್ರಿ.

"ಇಷ್ಟೆಲ್ಲ ಹೆದರಿಸಿದ್ರ ಮಜಾ ಎಲ್ಲದ?" ಅಂತ ಕೇಳ್ತೀರಿ. ಹೆದರಿಸೋದು ನನ್ನ ಉದ್ದೇಶ ಅಲ್ಲ, ಆದರೆ 2023ನ್ನು ಮರೆಯೋದೂ ಸರಿಯಲ್ಲ. ಇರುಂಗಾಟುಕೋಟೈನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್‌ನಲ್ಲಿ ಆ ವರ್ಷ ಜನವರಿ 8ರಂದು ಕಾರ್ ರೇಸ್‌ನಲ್ಲಿ ಹಿರಿಯ ರೇಸರ್ ಕೆ. ಇ. ಕುಮಾರ್ ತೀರಿಕೊಂಡರು. ಅದೇ ಟ್ರ್ಯಾಕ್‌ನಲ್ಲಿ ಆಗಸ್ಟ್ 5ರಂದು ಬೈಕ್ ರೇಸ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗ ಶ್ರೇಯಸ್ ಹರೀಶ್ ಬಿದ್ದ, ಉಳಿಯಲಿಲ್ಲ. ಅವನಿಗೆ 13 ವರ್ಷ. ಇಬ್ಬರೂ ಅನುಭವ ಇದ್ದವರು, ನಡೆದದ್ದು ರಾಷ್ಟ್ರೀಯ ಚಾಂಪಿಯನ್‌ಶಿಪ್, ಆಂಬುಲೆನ್ಸ್ ಟ್ರ್ಯಾಕ್‌ನಲ್ಲೇ ಇತ್ತು. ಎಲ್ಲ ಇದ್ದೂ ಅಪಾಯ ಪೂರ್ತಿ ಹೋಗೋದಿಲ್ಲ ಅಂದಮೇಲೆ, ನಮ್ಮ ಕೈಯಲ್ಲಿರೋ ಅಷ್ಟನ್ನಾದರೂ ನಾವು ಬಿಡಬಾರದು.

ಇನ್ನೊಂದು ವಾದ ಉಂಟು: "ಊರಾಗ ಹೈವೇ ಮ್ಯಾಲೆ ನೂರಾ ಇಪ್ಪತ್ತು ಹೊಡೀತೀವಿ, ಯಾರ್ ಕೇಳ್ತಾರ?" ಟ್ರ್ಯಾಕ್‌ನಲ್ಲಿ ಎದುರಿಂದ ಕಬ್ಬಿನ ಟ್ರ್ಯಾಕ್ಟರ್ ಬರೋದಿಲ್ಲ, ಎಮ್ಮೆ ಅಡ್ಡ ಬರೋದಿಲ್ಲ, ತಿರುವಿಗೊಬ್ಬ ಮಾರ್ಷಲ್ ಇರ್ತಾನೆ. ವೇಗದ ಹುಚ್ಚಿದ್ದರೆ ಟ್ರ್ಯಾಕೇ ಸರಿಯಾದ ಜಾಗ ಅಂತ ನಾನೂ ಹೇಳ್ತೀನಿ. ರೋಡಿನಲ್ಲಿ ಪಂದ್ಯ ಕಟ್ಟಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ರೋಡಿನ "ನಡೀತದ ಬಿಡು" ಅನ್ನೋ ಬುದ್ಧಿಯನ್ನೇ ಟ್ರ್ಯಾಕ್‌ಗೂ ಹೊತ್ತುಕೊಂಡು ಹೋದರೆ ಬಂದ ಲಾಭ ಏನು?

ನಮ್ಮ ಊರು ಅಫಜಲಪುರ ತಾಲೂಕಿನ ಮಣ್ಣೂರ, ಭೀಮಾ ನದಿ ದಂಡಿ ಮೇಲೆ. ನಮ್ಮ ಮುತ್ಯಾ ಬಂಡಿ ಹೂಡುವ ಮೊದಲು ದಿನಾ ಒಂದು ಸುತ್ತು ಹಾಕ್ತಿದ್ದ. ಕಡೆಗೀಲು ಮುಟ್ಟಿ ನೋಡ್ತಿದ್ದ, ಅಚ್ಚಿಗೆ ಕೀಲೆಣ್ಣಿ ಬಿಡ್ತಿದ್ದ, ಎತ್ತಿನ ಕಾಲೆತ್ತಿ ಲಾಳ ನೋಡ್ತಿದ್ದ. "ನಿನ್ನೆ ನೋಡೀದೆಲ್ಲ ಮುತ್ಯಾ?" ಅಂದ್ರೆ "ನಿನ್ನೆ ನಿನ್ನೀದು, ತಮ್ಮಾ" ಅಂತಿದ್ದ. ನಾಕನೇತ್ತೆ ಕಲಿತ ಮನುಷ್ಯ. ಎತ್ತಿನ ಬಂಡಿಗೆ ಅವನು ಕೊಟ್ಟ ಗೌರವವನ್ನು ಇಂಜಿನಿಯರಿಂಗ್ ಓದುವ ನಾನು ಇನ್ನೂರು ಸಿಸಿ ಬೈಕಿಗೆ ಕೊಡಲಿಲ್ಲ.

ನಮಗೆ ಗೊತ್ತಿಲ್ಲ ಅಂತಲ್ಲ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್‌ಗೆ ಹೋಗೋ ವಿದ್ಯಾರ್ಥಿ ತಂಡಗಳನ್ನು ಕೇಳಿ. ಕಾರನ್ನು 60 ಡಿಗ್ರಿ ವಾಲಿಸಿ ಒಂದು ಹನಿಯೂ ಸೋರಲ್ಲ ಅಂತ ತೋರಿಸಬೇಕು. ಬ್ರೇಕ್ ಹೊಡೆದರೆ ನಾಲ್ಕೂ ಚಕ್ರ ಲಾಕ್ ಆಗಬೇಕು. ಆಗದಿದ್ದರೆ ವರ್ಷದ ಶ್ರಮ ಪಿಟ್‌ನಲ್ಲೇ ನಿಲ್ತದೆ. ಅಲ್ಲಿ ಯಾರೂ "ಅಡ್ಜಸ್ಟ್ ಮಾಡಿ" ಅನ್ನೋದಿಲ್ಲ. ನಮ್ಮ ಸ್ವಂತ ಬೈಕಿನ ವಿಷಯ ಬಂದಾಗ ಮಾತ್ರ ಅಂತೀವಿ.

ಯಾಕೆ ಅಂತ ಯೋಚನೆ ಮಾಡಿದ್ರೆ, ಕಾರಣ ದುಡ್ಡು. ಫೀ ಕಟ್ಟಿ, ದೂರದಿಂದ ಬಂದು, ಗೆಳೆಯರ ಎದುರು ನಿಂತಮೇಲೆ "ಬೇಡ" ಅನ್ನಿಸಿಕೊಳ್ಳೋಕೆ ಯಾರಿಗೂ ಮನಸ್ಸಾಗೋದಿಲ್ಲ. ಅದಕ್ಕೇ ಆ "ಬೇಡ" ಕಾಲೇಜಿನಲ್ಲೇ, ಹಣ ಕಟ್ಟುವ ಮುಂಚೆ ಬರಬೇಕು. ಕ್ಲಬ್‌ನವರಿಗೆ ನನ್ನ ಮನವಿ ಮೂರು.

ಒಂದು, ಫೀ ಕಟ್ಟೋ ಮೊದಲು ನಮ್ಮ ವರ್ಕ್‌ಶಾಪ್‌ನಲ್ಲಿ ಪ್ರತಿ ಗಾಡಿಯ ತಪಾಸಣೆ ಆಗಲಿ. ಮಾಲೀಕ ತಾನೇ ನೋಡಿಕೊಂಡರೆ ಲೆಕ್ಕಕ್ಕಿಲ್ಲ, ಬೇರೊಬ್ಬರು ನೋಡಿ ಸಹಿ ಹಾಕಲಿ. ವರ್ಕ್‌ಶಾಪ್‌ನ ಸರ್‌ಗಳು ಬಂದರೆ ಇನ್ನೂ ಚಲೋ. ಫೇಲ್ ಆದವನಿಗೆ ರಿಪೇರಿಗೆ ಒಂದು ವಾರ ಟೈಮ್ ಇರಲಿ.

ಎರಡು, ಬೈಕ್‌ಗಳು ಟೆಂಪೊದಲ್ಲಿ ಹೋಗಲಿ, ಹುಡುಗರು ಬಸ್ಸಿನಲ್ಲಿ. ರಾತ್ರಿಯೆಲ್ಲ ಗಾಡಿ ಓಡಿಸಿ, ನಿದ್ದೆಗೆಟ್ಟ ಕಣ್ಣಲ್ಲಿ ಟ್ರ್ಯಾಕ್‌ಗೆ ಇಳಿಯೋದು, ಸಂಜೆ ಸುಸ್ತಾಗಿ ಅದೇ ವೇಗದ ಗುಂಗಿನಲ್ಲಿ ಹೈವೇಗೆ ಬರೋದು, ಎರಡೂ ಟ್ರ್ಯಾಕ್‌ಗಿಂತ ದೊಡ್ಡ ಅಪಾಯ.

ಮೂರು, ಕ್ಲಬ್ ದುಡ್ಡಲ್ಲಿ ಎರಡು ಲೆದರ್ ಸೂಟ್, ಗ್ಲೌಸ್, ಬೂಟು, ಬೆನ್ನಿನ ಗಾರ್ಡ್ ತಗೊಂಡು ಸರದಿಯಂತೆ ಹಾಕಿಕೊಳ್ಳೋಣ. ಇಲ್ಲಾಂದ್ರೆ ಇದು ಶ್ರೀಮಂತರ ಮನೆ ಹುಡುಗರ ಆಟ ಆಗಿಬಿಡ್ತದೆ, ಉಳಿದವರು ಜೀನ್ಸ್ ಹಾಕ್ಕೊಂಡು ಅಡ್ಜಸ್ಟ್ ಮಾಡ್ತಾರೆ. ಹೆಲ್ಮೆಟ್ ಮಾತ್ರ ಅವರವರದ್ದೇ ಇರಲಿ, ಪೂರ್ತಿ ಮುಖ ಮುಚ್ಚೋದು, ಒಮ್ಮೆಯೂ ಪೆಟ್ಟು ತಿನ್ನದ್ದು. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ, ಒಳಗಿನ ಪೆಟ್ಟು ಹೊರಗೆ ಕಾಣೋದಿಲ್ಲ.

ಆ ಲಿಸ್ಟಿನಲ್ಲಿ ನನ್ನ ಹೆಸರೂ ಐತಿ. ಹೊಸ ಪ್ಯಾಡ್ ಹಾಕಿಸೀನಿ, ಆಯಿಲ್ ಬದಲಿಸೀನಿ. ಆದರೂ ವರ್ಕ್‌ಶಾಪ್‌ನಲ್ಲಿ ಮೊದಲು ನನ್ನ ಗಾಡೀನೇ ನೋಡ್ರಿ. ಏನಾದ್ರೂ ಸಿಕ್ಕರೆ "ಬೇಡ" ಅನ್ರಿ. ಈ ಸಲ ಅಡ್ಜಸ್ಟ್ ಮಾಡ್ರಿ ಅಂತ ಕೇಳೋದಿಲ್ಲ.