ಹತ್ತಿರದ ದವಾಖಾನೆಯೇ ನಮ್ಮ ದವಾಖಾನೆ ಆಗುವುದು ಯಾವಾಗ?

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಗಡಿ ಹಳ್ಳಿಗಳಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮಾತಾಡುವುದು ಹೊಸದೇನಲ್ಲ. ಹೆಣ್ಣು ಕೊಡುವುದು, ತರುವುದು, ತೊಗರಿ ಮಾರುವುದು ಎಲ್ಲವೂ ಗಡಿ ದಾಟಿಯೇ ನಡೆಯುತ್ತದೆ. ಆದರೆ ನಡುರಾತ್ರಿ ಎದೆನೋವು ಬಂದಾಗ, ಹೊಲದಲ್ಲಿ ಹಾವು ಕಚ್ಚಿದಾಗ ಗಡಿ ನೆನಪಾಗುತ್ತದೆ. ರೋಗಿಯನ್ನು ಲಾತೂರಿಗೆ ಒಯ್ಯಬೇಕೋ ಬೀದರಿಗೋ, ಸೋಲಾಪುರಕ್ಕೋ ಕಲಬುರಗಿಗೋ ಎಂಬ ಚರ್ಚೆಯಲ್ಲೇ ಹೊತ್ತು ಹೋಗುತ್ತದೆ.

ಈ ಗೊಂದಲಕ್ಕೆ ಹಿನ್ನೆಲೆ ಇದೆ. 1956ರ ನವೆಂಬರ್ 1ರವರೆಗೆ ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು, ಇವೆರಡು ಮರಾಠವಾಡಾದಲ್ಲಿ ಉಳಿದವು. 1982ರಲ್ಲಿ ಲಾತೂರ ಪ್ರತ್ಯೇಕ ಜಿಲ್ಲೆಯಾದಾಗ ಅದರ ಪಾಲಾದವು. ಉಮರ್ಗಾ ಇಂದಿನ ಧಾರಾಶಿವ, ಅಂದರೆ ಹಿಂದಿನ ಉಸ್ಮಾನಾಬಾದ ಜಿಲ್ಲೆಯಲ್ಲಿದೆ. ಜಿಲ್ಲಾ ಕೇಂದ್ರಗಳು ಬದಲಾದವು, ರಸ್ತೆಯ ದೂರ ಬದಲಾಗಲಿಲ್ಲ. ನಿಲಂಗಾ ತಾಲೂಕಿನ ಔರಾದ ಶಹಾಜಾನಿಯವರಿಗೆ ಇಂದಿಗೂ ಲಾತೂರಿಗಿಂತ ಭಾಲ್ಕಿಯೇ ಹತ್ತಿರ.

ಭೂಕಂಪದ ನಂತರ ಬದಲಾದದ್ದು

ತುರ್ತು ಚಿಕಿತ್ಸೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಭಾಗಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದಲ್ಲಿ ಔಸಾ ಮತ್ತು ಉಮರ್ಗಾ ತಾಲೂಕುಗಳ ಹಳ್ಳಿಗಳು ನೆಲಸಮವಾದವು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಅಂದು ಕರೆದರೆ ಬರುವ ಸರ್ಕಾರಿ ಆಂಬುಲೆನ್ಸ್ ವ್ಯವಸ್ಥೆಯೇ ಇರಲಿಲ್ಲ.

ಇಂದು ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಹೆಸರಿನ 108 ಸೇವೆ 2008ರ ನವೆಂಬರ್‌ನಲ್ಲಿ ಶುರುವಾಯಿತು. ಮಹಾರಾಷ್ಟ್ರದ 108 ಸೇವೆ 2014ರಲ್ಲಿ 937 ವಾಹನಗಳೊಂದಿಗೆ ಬಂತು. ಇವುಗಳಲ್ಲಿ 233 ವಾಹನಗಳು ಹೆಚ್ಚಿನ ಜೀವರಕ್ಷಕ ಸಲಕರಣೆ ಉಳ್ಳವು. ಮಹಾರಾಷ್ಟ್ರದ ವಾಹನದಲ್ಲಿ ಡಾಕ್ಟರ್ ಇರುತ್ತಾರೆ, ಕರ್ನಾಟಕದ್ದರಲ್ಲಿ ತರಬೇತಿ ಪಡೆದ ಸಿಬ್ಬಂದಿ. ಉಮರ್ಗಾ ಮತ್ತು ನಿಲಂಗಾದಲ್ಲಿ ಉಪಜಿಲ್ಲಾ ಆಸ್ಪತ್ರೆ, ಉದಗೀರದಲ್ಲಿ ಸಾಮಾನ್ಯ ಆಸ್ಪತ್ರೆ ಇದೆ. ಸುತ್ತಲಿನ ಲಾತೂರ, ಸೋಲಾಪುರ, ಧಾರಾಶಿವ, ಬೀದರ, ಕಲಬುರಗಿ ಐದೂ ಊರುಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ವಾಹನವೂ ಇದೆ, ಆಸ್ಪತ್ರೆಯೂ ಇದೆ. ಎರಡು ರಾಜ್ಯಗಳ ವ್ಯವಸ್ಥೆಗಳ ನಡುವೆ ಕೊಂಡಿ ಮಾತ್ರ ಇಲ್ಲ.

ಪುಣೆಯೋ, ಬೆಂಗಳೂರೋ?

ಮಹಾರಾಷ್ಟ್ರದ 108ರ ನಿಯಂತ್ರಣ ಕೊಠಡಿ ಪುಣೆಯಲ್ಲಿದೆ, ಕರ್ನಾಟಕದ್ದು ಬೆಂಗಳೂರಿನಲ್ಲಿ. ಗಡಿ ಹಳ್ಳಿಯಲ್ಲಿ ಮೊಬೈಲು ಕೆಲವೊಮ್ಮೆ ಆ ಕಡೆಯ ಟವರ್ ಹಿಡಿಯುತ್ತದೆ. ಆಗ ಕರೆ ಬೇರೆ ರಾಜ್ಯಕ್ಕೆ ಹೋಗಿ ಬೀಳಬಹುದು. ಎತ್ತಿದವರಿಗೆ ಊರು, ತಾಲೂಕು, ಜಿಲ್ಲೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ಎರಡೂ ಭಾಷೆ ಬಲ್ಲ ಹಳ್ಳಿಯವನಿಗೆ ಮಾತಿನ ತೊಂದರೆ ಇಲ್ಲ. ತೊಂದರೆ ಇರುವುದು ವ್ಯವಸ್ಥೆಯಲ್ಲಿ. ಎರಡೂ ಕಡೆಯ 108 ಆಯಾ ರಾಜ್ಯದ ಖರ್ಚಿನಲ್ಲಿ, ಆಯಾ ರಾಜ್ಯದ ಆಸ್ಪತ್ರೆಗಳನ್ನು ನೆಚ್ಚಿಕೊಂಡು ನಡೆಯುತ್ತದೆ.

ಎರಡನೆಯ ಪ್ರಶ್ನೆ ಹಣದ್ದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಉಚಿತ, ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಅದು ನಡೆಯುತ್ತದೆ. ಆದರೆ ಆ ಪಟ್ಟಿಯಲ್ಲಿಲ್ಲದೆ, ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯನ್ನಷ್ಟೇ ನಂಬಿದ ಕುಟುಂಬಕ್ಕೆ ಗಡಿಯಾಚೆಯ ಎಲ್ಲ ಆಸ್ಪತ್ರೆಗಳಲ್ಲಿ ಅದೇ ಸೌಲಭ್ಯ ಸಿಗುವ ಖಾತ್ರಿ ಇಲ್ಲ. ಕಾರ್ಡು ಎರಡೂ ಒಂದೇ ಎಂದುಕೊಂಡು ಹೋದವರು ಕೌಂಟರಿನಲ್ಲಿ ನಿಂತು ಹಣ ಹೊಂದಿಸಬೇಕಾಗುತ್ತದೆ.

ಪುಣೆ-ಹೈದರಾಬಾದ್ ಹೆದ್ದಾರಿ ಉಮರ್ಗಾದ ಮೇಲೆಯೇ ಹಾದು ಬಸವಕಲ್ಯಾಣ ತಾಲೂಕಿಗೆ ಇಳಿಯುತ್ತದೆ. ಇಲ್ಲಿ ಅಪಘಾತವಾದರೆ 'ಪೊಲೀಸ್ ಕೇಸು ಯಾವ ರಾಜ್ಯದ್ದು' ಎಂಬ ಅಂಜಿಕೆಯಿಂದ ಜನ ಹಿಂದೆ ಸರಿಯುವುದುಂಟು. ಆ ಅಂಜಿಕೆಗೆ ಈಗ ಆಧಾರವಿಲ್ಲ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಉಳಿದದ್ದು ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಗಾಯಾಳುವನ್ನು ತಂದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ರಕ್ಷಣೆ ಇದೆ. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ 7 ದಿನ, 1.5 ಲಕ್ಷ ರೂ.ವರೆಗೆ ನಗದುರಹಿತ ಚಿಕಿತ್ಸೆ ಉಂಟು. ಊರು ಯಾವುದು, ರಾಜ್ಯ ಯಾವುದು ಎಂಬುದು ಇದಕ್ಕೆ ಅಡ್ಡ ಬರುವುದಿಲ್ಲ. ಹಳ್ಳಿಗಳಿಗೆ ಈ ಸುದ್ದಿ ಮುಟ್ಟಿಸುವ ಕೆಲಸ ಬಾಕಿ ಇದೆ.

ಕಾಸರಗೋಡಿನ ಪಾಠ

ಗಡಿಯಲ್ಲಿ ರೋಗಿಯನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರೂ ಇರುವ ಕಾಸರಗೋಡು ಸಾಕ್ಷಿ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ಕರ್ನಾಟಕ ಕೇರಳದ ಗಡಿ ರಸ್ತೆಗಳನ್ನು ಮುಚ್ಚಿತು. ಮೊದಲಿನಿಂದಲೂ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಆ ಜಿಲ್ಲೆಯಲ್ಲಿ ಚಿಕಿತ್ಸೆ ಸಿಗದೆ ಹಲವರು ಸತ್ತರು. ಪ್ರಕರಣ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಬಿಡಲು ಎರಡೂ ರಾಜ್ಯಗಳು ಒಪ್ಪಿವೆ ಎಂದು ಕೇಂದ್ರ ತಿಳಿಸಿತು. ಕೂತು ಮಾತಾಡಿದರೆ ಕೆಲವೇ ದಿನಗಳಲ್ಲಿ ಆಗುವ ಕೆಲಸ ಅದು. ಆದರೆ ಅಷ್ಟರಲ್ಲಿ ಹೋದ ಜೀವಗಳು ಹೋಗಿದ್ದವು.

ಈ ಕಡೆ ನಡೆದದ್ದು ಬೇರೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಗಡಿವಾದದ 865 ಊರುಗಳಿಗೆ ತನ್ನ ಆರೋಗ್ಯ ವಿಮೆ ವಿಸ್ತರಿಸಲು ಮುಂದಾಯಿತು. ಇದು ಒಕ್ಕೂಟ ವ್ಯವಸ್ಥೆಗೆ ಧಕ್ಕೆ ಎಂದು ಕರ್ನಾಟಕ ಸಿಟ್ಟಾಯಿತು. ಎರಡೂ ಕಡೆ ಹೇಳಿಕೆಗಳು ಹಾರಾಡಿದವು. ವಿಮೆ ಗಡಿವಾದದ ಬಾವುಟವಾಯಿತು, ರೋಗಿ ಮರೆತುಹೋದ. ನಿಜವಾಗಿ ಆ ಕಡೆಯವರಿಗೆ ಸೋಲಾಪುರ, ಲಾತೂರ ಬೇಕು, ಈ ಕಡೆಯವರಿಗೆ ಬೀದರ, ಕಲಬುರಗಿ ಬೇಕು. ಕೊಟ್ಟು ತೆಗೆದುಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದರೆ ಯಾರ ಮಾನವೂ ಹೋಗುತ್ತಿರಲಿಲ್ಲ.

ಆಗಬೇಕಾದದ್ದು ದೊಡ್ಡದೇನಲ್ಲ. ಗಡಿಯ ಕರೆ ಎಲ್ಲಿಗೆ ಹೋದರೂ ಪುಣೆ ಮತ್ತು ಬೆಂಗಳೂರಿನ ಕೊಠಡಿಗಳು ಅದನ್ನು ತಕ್ಷಣ ಒಂದಕ್ಕೊಂದು ದಾಟಿಸಬೇಕು. ವಾಹನ ಯಾವ ರಾಜ್ಯದ್ದೇ ಇರಲಿ, ಚಿಕಿತ್ಸೆ ಸಿಗುವ ಹತ್ತಿರದ ಆಸ್ಪತ್ರೆಗೆ ಹೋಗಲು ಲಿಖಿತ ಅನುಮತಿ ಬೇಕು. ಗಡಿ ಜಿಲ್ಲೆಗಳ ಆಸ್ಪತ್ರೆಗಳು ಎರಡೂ ರಾಜ್ಯಗಳ ಯೋಜನೆಯಲ್ಲಿ ನೋಂದಣಿಯಾಗಬೇಕು. ಲಾತೂರ, ಧಾರಾಶಿವ, ಬೀದರ, ಕಲಬುರಗಿ ಜಿಲ್ಲಾಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ಇದಕ್ಕೆಂದೇ ಕೂಡಬೇಕು.

ಅಲ್ಲಿಯವರೆಗೆ ಗ್ರಾಮ ಪಂಚಾಯಿತಿಗಳು ಒಂದು ಕೆಲಸ ಮಾಡಬಹುದು. ಹತ್ತಿರದ ಆಸ್ಪತ್ರೆ ಯಾವುದು, ಹಾವಿನ ವಿಷಕ್ಕೆ ಇಂಜೆಕ್ಷನ್ ಎಲ್ಲಿದೆ, ಯಾವ ಕಾರ್ಡು ಎಲ್ಲಿ ನಡೆಯುತ್ತದೆ ಎಂದು ವಿಚಾರಿಸಿ, ಕನ್ನಡ ಮರಾಠಿ ಎರಡರಲ್ಲೂ ಗೋಡೆಯ ಮೇಲೆ ಬರೆಸಬಹುದು. ಗಡಿ ವಿವಾದ ಸುಪ್ರೀಂ ಕೋರ್ಟಿನಲ್ಲಿ ಎಷ್ಟು ವರ್ಷ ಬೇಕಾದರೂ ನಡೆಯಲಿ. ಹಾವು ಕಚ್ಚಿದವನಿಗೆ ಅಷ್ಟು ಹೊತ್ತು ಇರುವುದಿಲ್ಲ.