ಮುಳಾ-ಮುಠಾ ಶುದ್ಧಿ: ಮೀನಿನ ಲೆಕ್ಕ ಇಟ್ಟವರು ಯಾರು?

ಬೇಸಿಗೆಯ ಬೆಳಗಿನ ಆರು ಗಂಟೆಗೆ ಪುಣೆಯ ಸಂಗಮ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ, ಕೆಲವು ದಿನ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ವಾಕಿಂಗಿಗೆ ಬಂದವರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ, ನದಿ ಇನ್ನೂ ಜೀವಂತವಾಗಿದೆ ಎಂದು ಖುಷಿಪಡುತ್ತಾರೆ. ನೀರು ಶುದ್ಧೀಕರಣವೇ ನನ್ನ ಹೊಟ್ಟೆಪಾಡು, ಹಾಗಾಗಿ ನನಗೆ ಆ ಖುಷಿ ಇಲ್ಲ. ಆ ಮೀನುಗಳು ಆಟವಾಡುತ್ತಿಲ್ಲ, ಉಸಿರಿಗಾಗಿ ಒದ್ದಾಡುತ್ತಿವೆ.

ಹಗಲಿನಲ್ಲಿ ನೀರಿನ ಪಾಚಿ ಬಿಸಿಲು ಹಿಡಿದು ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಆ ಕೆಲಸ ನಿಲ್ಲುತ್ತದೆ, ಉಸಿರಾಟ ಮಾತ್ರ ನಿಲ್ಲುವುದಿಲ್ಲ. ಪಾಚಿಯೂ ಉಸಿರಾಡುತ್ತದೆ, ಮೀನೂ ಉಸಿರಾಡುತ್ತದೆ, ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳಂತೂ ಎಲ್ಲರಿಗಿಂತ ಹೆಚ್ಚು ಉಸಿರಾಡುತ್ತವೆ. ಹೀಗಾಗಿ ಸೂರ್ಯ ಹುಟ್ಟುವ ಸ್ವಲ್ಪ ಮೊದಲು ನೀರಿನಲ್ಲಿ ಕರಗಿದ ಆಮ್ಲಜನಕ ತಳ ಮುಟ್ಟುತ್ತದೆ. ಬೇಸಿಗೆಯಾದರೆ ಇನ್ನೂ ಕಷ್ಟ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಆದರೆ ನದಿಯ ಮಾದರಿ ತೆಗೆಯುವುದು ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಅದೂ ಕಚೇರಿ ಸಮಯದಲ್ಲಿ. ಮೀನು ಸಾಯುವ ಹೊತ್ತಿಗೆ ಬಾಟಲಿ ಹಿಡಿದವರು ಅಲ್ಲಿರುವುದಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ಬಳಕೆಗೆ ತಕ್ಕಂತೆ ‘ಎ’ಯಿಂದ ‘ಇ’ವರೆಗೆ ಐದು ದರ್ಜೆ ಮಾಡಿದೆ. ‘ಡಿ’ ದರ್ಜೆ ವನ್ಯಜೀವಿ ಮತ್ತು ಮೀನುಗಾರಿಕೆಗೆ. ಅದಕ್ಕೆ ಬೇಕಾದದ್ದು ಮೂರೇ: ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 4 ಮಿ.ಗ್ರಾಂ. ಅಥವಾ ಹೆಚ್ಚು, ಮುಕ್ತ ಅಮೋನಿಯಾ 1.2 ಮಿ.ಗ್ರಾಂ. ಒಳಗೆ. ನಾಲ್ಕು ಮಿಲಿಗ್ರಾಂ ಇದ್ದರೆ ಗೆಂಡೆ ಜಾತಿಯ ಮೀನು ಸಾಯುವುದಿಲ್ಲ, ನಿಜ. ಆದರೆ ಬದುಕುವುದು ಬೇರೆ, ಬೆಳೆಯುವುದು ಬೇರೆ. ಆಮ್ಲಜನಕ ಐದಕ್ಕಿಂತ ಕೆಳಗೆ ಇಳಿದಂತೆ ಮೀನು ಮೇವು ಕಡಿಮೆ ಮಾಡುತ್ತದೆ, ತೂಕ ಹಿಡಿಯುವುದಿಲ್ಲ. ಮೊಟ್ಟೆ, ಮರಿಗಳ ಗತಿ ಹೇಳಬೇಕಾಗಿಲ್ಲ.

ಅಮೋನಿಯಾದ ಅಂಕಿ ನನಗೆ ಇನ್ನೂ ದೊಡ್ಡ ತಕರಾರು. ಮೀನಿನ ಕಿವಿರನ್ನು ಸುಡುವುದು ಒಟ್ಟು ಅಮೋನಿಯಾ ಅಲ್ಲ, ಅದರಲ್ಲಿನ ಮುಕ್ತ ಭಾಗ. ಈ ಮುಕ್ತ ಅಮೋನಿಯಾಕ್ಕೆ ಯುರೋಪ್ 1978ರಲ್ಲೇ ಮೀನಿನ ನದಿಗಳಿಗಾಗಿ 0.025 ಮಿ.ಗ್ರಾಂ. ಮಿತಿ ಹಾಕಿತ್ತು. ನಮ್ಮ ಮಿತಿ ಅದರ ನಲವತ್ತು ಪಟ್ಟಿಗೂ ಹೆಚ್ಚು. ಇನ್ನೊಂದು ವಿಷಯ, ಪಿಎಚ್ ಏಳರಿಂದ ಎಂಟಕ್ಕೆ ಏರಿದರೆ ಅದೇ ನೀರಿನಲ್ಲಿ ಮುಕ್ತ ಭಾಗ ಸುಮಾರು ಹತ್ತು ಪಟ್ಟಾಗುತ್ತದೆ. ಪಾಚಿ ತುಂಬಿದ ನದಿಯಲ್ಲಿ ಪಿಎಚ್ ಏರುವುದು ಮಧ್ಯಾಹ್ನದ ಬಿಸಿಲಿಗೆ. ಅಂದರೆ ಮುಂಜಾನೆ ಉಸಿರಿಲ್ಲ, ಮಧ್ಯಾಹ್ನ ವಿಷ.

ಈಗ ಪುಣೆಯ ದೊಡ್ಡ ಯೋಜನೆಗೆ ಬರೋಣ. ಜಪಾನಿನ ಜೈಕಾ ಸಂಸ್ಥೆಯ ಸಾಲದಲ್ಲಿ ಮುಳಾ-ಮುಠಾ ಶುದ್ಧಿಗೆ ಕೇಂದ್ರ ಮಂಜೂರಾತಿ ಕೊಟ್ಟದ್ದು 2016ರ ಜನವರಿಯಲ್ಲಿ: 11 ಹೊಸ ಸಂಸ್ಕರಣಾ ಘಟಕ, ದಿನಕ್ಕೆ 39.6 ಕೋಟಿ ಲೀಟರ್ ಸಾಮರ್ಥ್ಯ, 990.26 ಕೋಟಿ ರೂಪಾಯಿ. ಪ್ರಧಾನಿ ಅಡಿಗಲ್ಲು ಹಾಕಿದ್ದು 2022ರ ಮಾರ್ಚ್ 6ರಂದು, ಅಷ್ಟರಲ್ಲಿ ವೆಚ್ಚ 1,470 ಕೋಟಿ ದಾಟಿತ್ತು. ಘಟಕಗಳು ಬರಲಿ, ಬೇಕೇ ಬೇಕು. ಆದರೆ ಅವು ಯಾವ ಪರೀಕ್ಷೆ ಪಾಸಾಗಬೇಕು? 2017ರ ಅಕ್ಟೋಬರಿನಲ್ಲಿ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆಯಲ್ಲಿ ಬಿಒಡಿ ಇದೆ, ತೇಲುವ ಕಣಗಳಿವೆ, ಮಲದ ಬ್ಯಾಕ್ಟೀರಿಯಾ ಇದೆ, ಅಮೋನಿಯಾಕ್ಕೆ ಮಿತಿಯೇ ಇಲ್ಲ. 2015ರ ಕರಡಿನಲ್ಲಿ 5 ಮಿ.ಗ್ರಾಂ. ಎಂದು ಇತ್ತು, ಅಂತಿಮ ಪ್ರತಿಯಲ್ಲಿ ಬಿಟ್ಟುಹೋಯಿತು. ಬಿಒಡಿಯಲ್ಲಿ ನೂರಕ್ಕೆ ನೂರು ತೆಗೆದ ನೀರೂ ಮೀನಿಗೆ ವಿಷವಾಗಬಹುದು.

ಮಳೆಗಾಲ ಬಿಟ್ಟರೆ ಖಡಕವಾಸ್ಲಾ ಅಣೆಕಟ್ಟಿನ ಕೆಳಗೆ ಮುಠಾ ಪಾತ್ರಕ್ಕೆ ಹೊಸ ನೀರು ಬರುವುದು ನಾಮಕಾವಸ್ತೆ, ನೀರೆಲ್ಲ ನಲ್ಲಿಗೆ ಮತ್ತು ಕಾಲುವೆಗೆ. ಊರೊಳಗೆ ಹರಿಯುವುದು ಊರೇ ಬಿಟ್ಟ ನೀರು. ವಿಷವನ್ನು ತೆಳುಮಾಡಲು ಬೇರೆ ನೀರು ಇಲ್ಲದ ಕಡೆ ಘಟಕದ ಹೊರನೀರೇ ನದಿ. ಇದರ ಮೇಲೆ 44 ಕಿಲೋಮೀಟರ್ ನದಿದಂಡೆ ಸೌಂದರ್ಯೀಕರಣದ ಕಾಮಗಾರಿ ಬೇರೆ. ಕಾಂಕ್ರೀಟಿನ ದಂಡೆ ನಮ್ಮ ವಾಕಿಂಗಿಗೆ ಚೆಂದ. ಮರಿಮೀನು ಅಡಗುವುದು ದಂಡೆಯ ಆಳವಿಲ್ಲದ ಹುಲ್ಲುನೀರಿನಲ್ಲಿ, ಅದರ ಬಗ್ಗೆ ಉದ್ಘಾಟನಾ ಭಾಷಣಗಳಲ್ಲಿ ನಾನಂತೂ ಕೇಳಿಲ್ಲ.

ಹಿಂದೆ ಇಲ್ಲಿ ಏನಿತ್ತು ಎಂದು ಕೇಳುವವರಿಗೆ ಒಂದು ಮಾತು. ದಖ್ಖನಿನ ಮಹಶೀರ್ ಮೀನನ್ನು ಕರ್ನಲ್ ಸೈಕ್ಸ್ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಪೂರ್ವಕ್ಕೆ ಕೆಲವೇ ಮೈಲು ದೂರದ ಇದೇ ಮುಳಾ-ಮುಠಾದಿಂದ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಹಾಕಿದಾಗ ಮುಗಿಬೀಳುತ್ತವಲ್ಲ, ಆ ಬಳಗದ್ದೇ. ಕಲ್ಲು-ಗರಸಿನ ತಳ, ತಿಳಿನೀರು, ತುಂಬ ಆಮ್ಲಜನಕ ಬೇಡುವ ಮೀನು ಅದು. ಇವತ್ತು ಊರೊಳಗೆ ಬಲೆ ಹಾಕಿದರೆ ಸಿಗುವುದು ಹೆಚ್ಚಾಗಿ ಜಿಲೇಬಿ ಮೀನು. ಎಂಥ ನೀರಿನಲ್ಲೂ ದಿನ ತಳ್ಳುವ ಜಾತಿ. ‘ಮೀನಿವೆಯಲ್ಲ’ ಎನ್ನುವವರು ಯಾವ ಮೀನು ಎಂದೂ ನೋಡಬೇಕು.

ಇದು ಪುಣೆಯವರ ತಲೆನೋವು, ನಮಗೇನು ಎನ್ನುವ ಹಾಗಿಲ್ಲ. ಈ ನೀರು ದೌಂಡ್ ತಾಲ್ಲೂಕಿನಲ್ಲಿ ಭೀಮೆಗೆ ಸೇರಿ, ಉಜನಿಯಲ್ಲಿ ನಿಂತು, ಪಂಢರಪುರ ದಾಟಿ ನಮ್ಮ ಇಂಡಿ, ಅಫಜಲಪುರಕ್ಕೆ ಬರುತ್ತದೆ. ಉಜನಿ ದೊಡ್ಡ ಕೆರೆಯಂತೆ ಕೊಳೆಯನ್ನು ತಳಕ್ಕೆ ಕೂರಿಸಿಕೊಳ್ಳುತ್ತದೆ, ಹಾಗಾಗಿ ಪುಣೆಯ ಚರಂಡಿ ನೇರವಾಗಿ ಗಾಣಗಾಪುರದ ಸ್ನಾನಘಟ್ಟಕ್ಕೆ ಬರುತ್ತದೆ ಎಂದರೆ ಅತಿಶಯವಾದೀತು. ಆದರೆ ಆ ಹಸಿರು ನೀರಿನ ಸಾರಜನಕ, ರಂಜಕ ಎಲ್ಲೂ ಮಾಯವಾಗುವುದಿಲ್ಲ. ಎರಡು ರಾಜ್ಯಗಳು ಭೀಮೆಯ ವಿಷಯದಲ್ಲಿ ಇಷ್ಟು ವರ್ಷ ಜಗಳಾಡಿದ್ದು ಎಷ್ಟು ಟಿಎಂಸಿ ಎಂದು. ಎಂಥ ನೀರು ಎಂದು ಕೇಳಿದ್ದು ಕಡಿಮೆ. ಗಡಿಯ ಬ್ಯಾರೇಜುಗಳಲ್ಲಿ ದಿನದ 24 ಗಂಟೆ ಆಮ್ಲಜನಕ, ಪಿಎಚ್, ಅಮೋನಿಯಾ ಅಳೆಯುವ ಯಂತ್ರ ಕೂರಿಸಿ, ವರ್ಷಕ್ಕೊಮ್ಮೆ ಮೀನಿನ ಜಾತಿ ಎಣಿಸಿದರೆ ಕರ್ನಾಟಕದ ಕೈಯಲ್ಲಿ ವಾದಕ್ಕೆ ದಾಖಲೆಯಾದರೂ ಇರುತ್ತದೆ.

ಪುಣೆಯ ಅಪಾರ್ಟ್‌ಮೆಂಟುಗಳಲ್ಲಿ ಇರುವ ನಾವೂ ಇದರಲ್ಲಿ ಪಾಲುದಾರರು. ನಾನಿರುವ ಸೊಸೈಟಿಯಲ್ಲಿ ನಮ್ಮದೇ ಎಸ್‌ಟಿಪಿ ಇದೆ. ವಿದ್ಯುತ್ ಬಿಲ್ ಉಳಿಸಲು ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸುತ್ತಿದ್ದರು. ಅಮೋನಿಯಾವನ್ನು ಮುರಿಯುವ ಬ್ಯಾಕ್ಟೀರಿಯಾಗಳಿಗೆ ಗಾಳಿ ಇಲ್ಲದಿದ್ದರೆ ಕೆಲಸವಿಲ್ಲ, ಹಾಗಾಗಿ ನದಿಗೆ ಉಸಿರು ಕಟ್ಟುವ ಹೊತ್ತಿಗೇ ನಮ್ಮ ಅಮೋನಿಯಾ ಹೊರಡುತ್ತಿತ್ತು. ಕಳೆದ ಸಭೆಯಲ್ಲಿ ಈ ವಿಷಯ ಎತ್ತಿದೆ. ಅರ್ಧ ಗಂಟೆ ಪಾರ್ಕಿಂಗ್ ಚರ್ಚೆಯಾದ ಮೇಲೆ ನನ್ನ ಸರದಿ ಬಂತು. ‘ಕಾಕಾ, ಮೀನಿಗೋಸ್ಕರ ಮೆಂಟೆನೆನ್ಸ್ ಜಾಸ್ತಿ ಮಾಡೋದಾ?’ ಎಂದು ಒಬ್ಬ ಹುಡುಗ ನಕ್ಕ. ಕೊನೆಗೆ ರಾತ್ರಿ ಗಂಟೆಗೆ ಇಪ್ಪತ್ತು ನಿಮಿಷ ಬ್ಲೋವರ್ ನಡೆಸುವುದಕ್ಕೆ ಒಪ್ಪಿದರು. ಮೂರು ತಿಂಗಳು ನೋಡಿ, ಬಿಲ್ ಮುಂದಿಟ್ಟುಕೊಂಡು ಮತ್ತೆ ಕೂರುವುದು ಎಂದು ತೀರ್ಮಾನ.