ಮುಂದಿನ ಫೋನು: ನಮ್ಮ ಕೈಗೋ, ನಮ್ಮ ಕಾವಲಿಗೋ?



2030ರ ಹೊತ್ತಿಗೆ 6ಜಿ ತರ್ತೀವಿ ಅಂತ ಸರ್ಕಾರ ಹೇಳ್ತಿದೆ. ಫೋನಿನೊಳಗೇ ಎಐ, ಟವರ್ ಇಲ್ಲದ ಕಡೆ ಉಪಗ್ರಹದಿಂದಲೇ ಸಿಗ್ನಲ್. ಬರಲಿ, ಬೇಡ ಅನ್ನಲ್ಲ. ಊರಲ್ಲಿ ನಡೆದ ದೌರ್ಜನ್ಯವನ್ನು ವಿಡಿಯೋ ಮಾಡಿ ಜಗತ್ತಿಗೆ ತೋರಿಸಿದ್ದು ನಮ್ಮ ಹುಡುಗರ ಕೈಲಿದ್ದ ಫೋನೇ.

ಆದರೆ ಅದೇ ಕ್ಯಾಮೆರಾ ನಮ್ಮ ಕಡೆ ತಿರುಗಿದಾಗ ಏನಾಯ್ತು? 2023ರ ಜನವರಿ 1ರಿಂದ ನರೇಗಾ ಹಾಜರಿಗೆ ಆ್ಯಪ್ ಕಡ್ಡಾಯ ಮಾಡಿದರು. ದಿನಕ್ಕೆ ಎರಡು ಫೋಟೋ. ಬೇಗ ಕೆಲಸ ಮುಗಿಸಿದವಳೂ ಎರಡನೇ ಫೋಟೋಗೆ ಬಿಸಿಲಲ್ಲಿ ಕಾಯಬೇಕಾಯ್ತು. ಸಿಗ್ನಲ್ ಸಿಗದಿದ್ರೆ ದುಡಿದ ಕೂಲಿಗೇ ಕುತ್ತು ಬರ್ತಿತ್ತು. ನಾಗ್ಪುರ, ಚಂಡೀಗಢದಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚು ಕಟ್ಟಿದರು. ಮ್ಯಾನ್‌ಹೋಲ್ ಸಾವು ನಿಲ್ಲಿಸೋಕೆ ಇಲ್ಲದ ಅವಸರ ಕಾವಲಿಗೆ ಇತ್ತು.

ಈಗ ಹಾಜರಿಗೆ ಮುಖ ಗುರುತಿಸೋ ಸಾಫ್ಟ್‌ವೇರ್ ಬರ್ತಿದೆ. 2018ರಲ್ಲಿ ಅಮೆರಿಕದಲ್ಲಿ ಜಾಯ್ ಬ್ಯುಲಾಮ್ವಿನಿ, ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಕಪ್ಪು ಮಹಿಳೆಯರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದರು. ಕಪ್ಪು ಮೈಬಣ್ಣದ ಹೆಂಗಸರಲ್ಲಿ ತಪ್ಪು ಶೇ 34.7ರವರೆಗೆ, ಬಿಳಿ ಗಂಡಸರಲ್ಲಿ ಶೇ 1ಕ್ಕಿಂತ ಕಡಿಮೆ. ಬಿಸಿಲಲ್ಲಿ ಬೆಂದ ನಮ್ಮವ್ವಂದಿರ ಮುಖವನ್ನು ಮಿಷನ್ನು ಗುರುತಿಸದಿದ್ರೆ ಕೂಲಿ ಯಾರು ಕೊಡ್ತಾರೆ?

ಓದು ಬಾರದವರ ಮಾತು ಕೇಳಿ, ನಮ್ಮ ಕೇರಿಯ ಕನ್ನಡದಲ್ಲೇ ಉತ್ತರ ಕೊಡೋ ಫೋನು ಬರಲಿ. ಆದರೆ ಕೂಲಿ, ರೇಷನ್ನು, ಪಿಂಚಣಿಗೆ ಫೋನು ಷರತ್ತಾಗಬಾರದು. ಮಿಷನ್ನು ಕೈಕೊಟ್ಟ ದಿನ ಹಾಜರಿ ಪುಸ್ತಕ ನಡೆಯಲೇಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ನಡಾವಳಿಯಲ್ಲಿ ಬರೆಸಿ.

ಜೈ ಭೀಮ್.